ಜಾಕ್ ಕೊಟ್ಟರೆ ಬಾಗಿಲು ಮುಚ್ಚದ ಎಸ್ಟೀಮ್

ನನ್ನ ಹಳೇ ಮಾರುತಿ ಎಸ್ಟೀಮ್ ಕಾರಿಗೆ ಒಂದು ಚಾಳಿ ಇತ್ತು. ಮುಂದಿನ ಎಡ ಮೂಲೆಗೆ ಜಾಕ್ ಕೊಟ್ಟು ಎತ್ತಿದರೆ ಎಡಗಡೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಲಾಕ್ ಹೋಗಿ ಪಿನ್ನಿಗೆ ಬಡಿದು ವಾಪಸ್ ಬರುತ್ತಿತ್ತು. ಜಾಕ್ ಇಳಿಸಿದರೆ ಟಕ್ ಅಂತ ಮುಚ್ಚುತ್ತಿತ್ತು. ಹಿಂಜ್ ಸವೆದಿರಬೇಕು ಅಂತ ಎರಡು ವರ್ಷ ಸುಮ್ನೆ ಇದ್ದೆ. ಅಸಲಿಗೆ ಹಿಂಜ್ ಚೆನ್ನಾಗೇ ಇತ್ತು, ತಿರುಚಿಕೊಳ್ಳುತ್ತಿದ್ದದ್ದು ಇಡೀ ಬಾಡಿ.

ಆಗ ಆಟೋಕ್ರಾಸ್ (ಗಡಿಯಾರದ ಎದುರು ಓಡಿಸುವ ಕಾರು ಸ್ಪರ್ಧೆ) ಓಡಿಸುತ್ತಿದ್ದೆ. ತಿರುವಿನಲ್ಲಿ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಮೂತಿ ನೆಟ್ಟಗೆ ಹೋಗುತ್ತಿತ್ತು. ಎಲ್ಲರೂ ಹೇಳುವ ಔಷಧಿ ಹಿಂದಕ್ಕೆ ಗಟ್ಟಿ ಸ್ಪ್ರಿಂಗ್. ಹಾಕಿಸಿದೆ. ಸೊಂಟ ನೋವು ಜಾಸ್ತಿಯಾಯಿತು, ಮೂತಿ ಹಾಗೇ ನೆಟ್ಟಗೆ. ಕಾರಣ ಆಮೇಲೆ ಗೊತ್ತಾಯಿತು. ಹಿಂದೆ ಗಟ್ಟಿ ಮಾಡಿದ್ದರ ಪರಿಣಾಮ ಮುಂದಿನ ಚಕ್ರಕ್ಕೆ ತಲುಪಬೇಕಾದರೆ ನಡುವಿನ ಬಾಡಿ ಅದನ್ನು ಸಾಗಿಸಬೇಕು ಅಲ್ವಾ? ಬಾಡಿಯೇ ಒಂದು ದೊಡ್ಡ ಮೆತ್ತನೆ ಸ್ಪ್ರಿಂಗ್ ಆಗಿದ್ದರೆ ಅರ್ಧ ಅಲ್ಲೇ ಕರಗಿ ಹೋಗುತ್ತದೆ. ಕೀಲು ಸಡಿಲವಾದ ಮಂಚಕ್ಕೆ ಹೊಸ ಹಾಸಿಗೆ ಹಾಕಿದ ಹಾಗೆ.

ಸರಿ, ಹೇಗೂ ರ‍್ಯಾಲಿಗೆ ರೋಲ್ ಕೇಜ್ (ಕಾರು ಉರುಳಿದರೆ ಒಳಗಿನವರನ್ನು ಕಾಪಾಡುವ ಪೈಪಿನ ಪಂಜರ) ಬೇಕೇ ಬೇಕು, ಅದನ್ನೇ ಹಾಕಿಸಿದರೆ ಬಾಡಿಯೂ ಗಟ್ಟಿಯಾಗುತ್ತದೆ ಅಂದುಕೊಂಡೆ. ಒಂದು ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಆರು ಕಾಲಿನ ಕೇಜ್ ಮಾಡಿಸಿದೆ. ನೆಲಕ್ಕೆ ಪ್ಲೇಟು, ಪ್ಲೇಟಿಗೆ ಬೋಲ್ಟು. ಸುಮಾರು 40 ಕೆಜಿ. ನೋಡಲು ಭರ್ಜರಿಯಾಗಿತ್ತು. ಜಾಕ್ ಕೊಟ್ಟೆ. ಬಾಗಿಲು ಮುಚ್ಚಲಿಲ್ಲ!

ಪುಣ್ಯಕ್ಕೆ ಕೇಜ್ ಹಾಕುವ ಮೊದಲು ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದ್ದೆ. ಬಾಡಿಯ ತಿರುಚನ್ನು ಅಳೆದಿಟ್ಟುಕೊಂಡಿದ್ದೆ. ಹಿಂದಿನ ಎರಡೂ ಸಸ್ಪೆನ್ಷನ್ ಟವರ್‌ಗಳನ್ನು (ಸ್ಪ್ರಿಂಗಿನ ಮೇಲ್ತುದಿ ಬಾಡಿಗೆ ಕೂರುವ ಗಟ್ಟಿ ಗೂಡು) ಸ್ಟ್ಯಾಂಡಿಗೆ ಬಿಗಿದು, ಮುಂದಿನ ಟವರ್‌ಗಳಿಗೆ ಅಡ್ಡಲಾಗಿ ಒಂದು ದಪ್ಪ ಬಾಕ್ಸ್ ಪೈಪ್ ಕಟ್ಟಿ, ಅದರ ನಡುವಿಗೆ ಮಾತ್ರ ಆಧಾರ ಕೊಟ್ಟು, ನಡುವಿನಿಂದ 2 ಮೀಟರ್ ಆಚೆಯ ತುದಿಯಲ್ಲಿ 60 ಕೆಜಿ ತೂಗುವ ಗೆಳೆಯನನ್ನು ಕೂರಿಸಿದೆ. ಟವರ್‌ಗಳ ಮೇಲೆ ಎರಡು ಡಯಲ್ ಗೇಜ್ (ಮಿಮೀಯ ಭಾಗಗಳನ್ನೂ ತೋರಿಸುವ ಮುಳ್ಳಿನ ಮಾಪಕ), ನಡುವೆ ಒಂದು ಮೀಟರ್ ಅಂತರ. ಒಂದು ಮೇಲೆ ಹೋಯಿತು, ಇನ್ನೊಂದು ಕೆಳಗೆ. ಎರಡೂ ಸೇರಿ 4.2 ಮಿಮೀ. ಲೆಕ್ಕ ಹಾಕಿದರೆ ಒಂದು ಡಿಗ್ರಿ ತಿರುಚಲು ಸುಮಾರು 4,900 ನ್ಯೂಟನ್ ಮೀಟರ್ ತಿರುಚುಬಲ ಬೇಕು; ಈ ಅಂಕಿ ಹೆಚ್ಚಿದಷ್ಟೂ ಬಾಡಿ ಗಟ್ಟಿ. ಕೇಜ್ ಹಾಕಿದ ಮೇಲೆ ಅದೇ ಗೆಳೆಯ, ಅದೇ ಪೈಪು: 3.6 ಮಿಮೀ. 40 ಕೆಜಿ ಕಬ್ಬಿಣ ಹೊತ್ತು ಸಿಕ್ಕಿದ್ದು ಇಷ್ಟೇ, ಬರೀ 5,700.

ಎಲ್ಲಿ ತಪ್ಪಿತು ಅಂತ ಅರ್ಥವಾಗಿದ್ದು ಬೆಂಕಿಪೊಟ್ಟಣದಿಂದ. ಒಳಗಿನ ತಟ್ಟೆ ತೆಗೆದು ಬರೀ ಹೊರಕವಚ ಹಿಡಿದು ಪಕ್ಕಕ್ಕೆ ಒತ್ತಿ ನೋಡಿ, ಸಲೀಸಾಗಿ ವಾಲುತ್ತದೆ. ತಟ್ಟೆ ತುರುಕಿ ಒತ್ತಿ, ಅಲ್ಲಾಡುವುದಿಲ್ಲ. ತಟ್ಟೆಯೇನು ಕವಚಕ್ಕಿಂತ ದಪ್ಪ ಅಲ್ಲ. ಆದರೆ ಅದು ನಾಲ್ಕು ಮೂಲೆಗೂ ಅಂಟಿ ಕೂತಿದೆ, ಚೌಕ ಓರೆಯಾಗದ ಹಾಗೆ ಅದರ ತುದಿ ತಡೆಯುತ್ತದೆ. ನನ್ನ ಕೇಜ್ ಪೊಟ್ಟಣದೊಳಗೆ ಮೂಲೆ ಮುಟ್ಟದೆ ಇಟ್ಟ ಚಿಕ್ಕ ಡಬ್ಬಿಯ ಹಾಗಿತ್ತು. ಕಾಲುಗಳು ಕೂತಿದ್ದು ತೆಳು ತಗಡಿನ ನೆಲದ ಮಧ್ಯದಲ್ಲಿ. ಹಿಂದಿನ ಎರಡು ಕಾಲು ಡಿಕ್ಕಿಯ ನೆಲಕ್ಕೆ ಇಳಿದಿದ್ದವು, ಒಂದು ಗೇಣು ದೂರದಲ್ಲೇ ಟವರ್ ಇತ್ತು. ಮುಂದೆಯಂತೂ ಕೇಜ್ ಡ್ಯಾಶ್‌ಬೋರ್ಡ್ ಹತ್ತಿರವೇ ಮುಗಿದಿತ್ತು. ಭಾರ ಬರುವುದು ಚಕ್ರದಿಂದ, ಚಕ್ರದ ಭಾರ ಬಾಡಿಗೆ ಸೇರುವುದು ಟವರ್‌ನಲ್ಲಿ. ಅಲ್ಲಿಗೆ ಕೇಜ್ ಮುಟ್ಟೇ ಇರಲಿಲ್ಲ.

ಎರಡನೇ ಸಲ ಕಾಗದದ ಮೇಲೆ ನಾಲ್ಕು ಟವರ್ ಗುರುತು ಮಾಡಿ ಅಲ್ಲಿಂದ ಗೆರೆ ಎಳೆಯುತ್ತಾ ಬಂದೆ. ಹಿಂದಿನ ಕಾಲುಗಳು ನೇರ ಟವರ್ ಮೇಲೆ. ಮುಂದೆ ಫೈರ್‌ವಾಲ್ (ಎಂಜಿನ್ನಿಗೂ ಸೀಟುಗಳಿಗೂ ನಡುವಿನ ತಗಡಿನ ಗೋಡೆ) ತೂರಿಕೊಂಡು ಟವರ್‌ವರೆಗೆ ಎರಡು ಪೈಪು. ಎಫ್‌ಐಎ (ಜಗತ್ತಿನ ಕಾರು ಸ್ಪರ್ಧೆಗಳಿಗೆ ನಿಯಮ ಮಾಡುವ ಸಂಸ್ಥೆ) ನಿಯಮದ ಪ್ರಕಾರ ಉದ್ದಕ್ಕೆ ಕೇಜ್ ಮುಂದಿನ ಮತ್ತು ಹಿಂದಿನ ಸಸ್ಪೆನ್ಷನ್ ಕೂರುವ ಜಾಗಗಳ ನಡುವೆಯೇ ಇರಬೇಕು, ಅಂದರೆ ಅಲ್ಲಿವರೆಗೆ ಹೋಗಬಹುದು, ದಾಟುವಂತಿಲ್ಲ. ನೀವು ಸ್ಪರ್ಧಿಸುವ ಕ್ಲಾಸಿನ ನಿಯಮ ಇನ್ನೂ ಬಿಗಿಯಾಗಿರಬಹುದು, ಕತ್ತರಿಸುವ ಮೊದಲು ಓದಿಕೊಳ್ಳಿ. ಬಾಗಿಲಲ್ಲಿ ಗುಣಿಸುವ ಚಿಹ್ನೆಯ ಹಾಗೆ ಎರಡು ಪೈಪು. ಮಧ್ಯದ ಕಾಲುಗಳು ನೆಲ ಬಿಟ್ಟು ಬಾಗಿಲ ಕೆಳಗಿನ ಸಿಲ್ ಮೇಲೆ, ಬೋಲ್ಟ್ ಅಲ್ಲ, ವೆಲ್ಡಿಂಗ್. ಬಾಡಿಯ ಕಂಬಗಳಿಗೂ ಕೇಜಿಗೂ ನಡುವೆ ಅಲ್ಲಲ್ಲಿ ತಗಡಿನ ಗಸೆಟ್, ಅಂದರೆ ಎರಡನ್ನೂ ಬೆಸೆಯುವ ಪಟ್ಟಿ. ಓರೆ ಪೈಪುಗಳೆಲ್ಲ ನೆಟ್ಟಗೇ ಇರಬೇಕು. ಚಂದಕ್ಕೆ ಒಂದು ಬಾಗು ಕೊಟ್ಟರೂ ಅದು ಮತ್ತೆ ಸ್ಪ್ರಿಂಗ್ ಆಗುತ್ತದೆ.

ಪೈಪಿನ ವಿಷಯ. ತಣ್ಣಗೆ ಎಳೆದ ಸೀಮ್‌ಲೆಸ್ (ಉದ್ದಕ್ಕೆ ಜೋಡಣೆ ಇಲ್ಲದ) ಪೈಪೇ ಬೇಕು, ಗೇಟ್ ಮಾಡುವ ಜೋಡಣೆ ಪೈಪ್ ಬೇಡವೇ ಬೇಡ. ಮುಖ್ಯ ಕಮಾನಿಗೆ (ಮುಂದಿನ ಸೀಟುಗಳ ಹಿಂದೆ ಅಡ್ಡಕ್ಕೆ ನಿಲ್ಲುವ ದೊಡ್ಡ ಬಾಗು ಪೈಪು) ಎಫ್‌ಐಎ ಕೇಳುವುದು ಕನಿಷ್ಠ 45 ಮಿಮೀ ವ್ಯಾಸ, 2.5 ದಪ್ಪ, ಇಲ್ಲವೇ 50ಕ್ಕೆ 2. ಉಳಿದದ್ದಕ್ಕೆ 38ಕ್ಕೆ 2.5 ಅಥವಾ 40ಕ್ಕೆ 2. ಇದರಲ್ಲಿ ಒಂದು ಸಣ್ಣ ಲಾಭ ಇದೆ. 38ರದ್ದು ಮೀಟರಿಗೆ 2.19 ಕೆಜಿ, 40ರದ್ದು 1.87. ಬಾಗದಿರುವ ಗಟ್ಟಿತನ ಹೆಚ್ಚುಕಮ್ಮಿ ಅಷ್ಟೇ. ಅಂಗಡಿಯವನು 38 ತೋರಿಸಿ ಇದೇ ಸ್ಟ್ರಾಂಗು ಸಾರ್ ಅಂದ. ನಾನು 40 ತಂದೆ.

ವೆಲ್ಡಿಂಗ್ ದಿನ ನಿಜವಾದ ತಲೆನೋವು ಮೇಲಿನ ಕೀಲುಗಳು. ಕೇಜ್ ಛಾವಣಿಗೆ ಅಂಟಿಕೊಂಡಷ್ಟೂ ಒಳ್ಳೆಯದು, ಆದರೆ ಅಂಟಿಕೊಂಡರೆ ವೆಲ್ಡಿಂಗ್ ಟಾರ್ಚ್ ಒಳಗೆ ಹೋಗುವುದಿಲ್ಲ, ಪೈಪಿನ ಮೇಲ್ಭಾಗ ವೆಲ್ಡ್ ಆಗದೇ ಉಳಿಯುತ್ತದೆ, ಬಣ್ಣ ಹೊಡೆದ ಮೇಲೆ ಯಾರಿಗೂ ಕಾಣುವುದಿಲ್ಲ. ಮೊದಲ ಕೇಜ್‌ನಲ್ಲಿ ಹಾಗೇ ಆಗಿತ್ತು, ಬಿಚ್ಚಿದಾಗ ಬೆರಳಾಡಿಸಿ ನೋಡಿದೆ, ಅರ್ಧ ಸುತ್ತು ಖಾಲಿ. ಉರುಳಿದ್ದರೆ? ಈ ಸಲ ವೆಲ್ಡರ್ ಹಳೇ ಉಪಾಯ ಮಾಡಿದ. ಕಾಲು ಬರುವ ಕಡೆ ನೆಲಕ್ಕೆ ತೂತು ಕೊರೆದು ಇಡೀ ಕೇಜನ್ನು ಒಂದು ಗೇಣು ಕೆಳಗಿಳಿಸಿ, ಮೇಲಿನ ಕೀಲುಗಳನ್ನು ಸುತ್ತಲೂ ವೆಲ್ಡ್ ಮಾಡಿ, ಮತ್ತೆ ಎತ್ತಿ ತೂತಿನ ಮೇಲೆ ಸಿಲ್‌ಗೆ ಸೇರಿಸಿ ಪೆಟ್ಟಿಗೆಯಂಥ ಪೀಠ ಕೂರಿಸಿದ. ಪೈಪಿನ ತುದಿಗಳನ್ನು ಮೀನಿನ ಬಾಯಿಯ ಹಾಗೆ ಕೊರೆಯಲು ಅವನು ತೆಗೆದುಕೊಂಡ ಸಮಯ ವೆಲ್ಡಿಂಗ್‌ಗಿಂತ ಜಾಸ್ತಿ. ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಗ್ರೈಂಡರ್. ಮಧ್ಯೆ ಮಧ್ಯೆ ಬಾಗಿಲು ಹಾಕಿ ತೆಗೆದು ನೋಡುತ್ತಿದ್ದ, ಶಾಖಕ್ಕೆ ಬಾಡಿ ಎಳೆದುಕೊಂಡರೆ ಆಮೇಲೆ ಆ ಸೊಟ್ಟವೇ ಕಾಯಂ.

ಹಳೆಯದಕ್ಕಿಂತ 14 ಕೆಜಿ ಜಾಸ್ತಿ ಆಯಿತು. ಗೆಳೆಯ ಮತ್ತೆ ಪೈಪ್ ತುದಿಯಲ್ಲಿ ಕೂತ. 2.3 ಮಿಮೀ. ಹತ್ತಿರ ಹತ್ತಿರ 8,900.

ತಲೆ ತಾಗುವ ಕಡೆಯೆಲ್ಲ ಪ್ಯಾಡಿಂಗ್ ಹಾಕಿದ್ದೇನೆ. ಹಾಗಿದ್ದರೂ ಹೆಲ್ಮೆಟ್ ಇಲ್ಲದೆ ಇದರಲ್ಲಿ ಕೂರಬೇಡಿ, ಸಣ್ಣ ಡಿಕ್ಕಿಗೂ ಆ ಪೈಪು ತಲೆ ಒಡೆಯುತ್ತದೆ. ರಸ್ತೆ ಕಾರಿಗೆ ಕೇಜ್ ಹಾಕಿಸುವ ಶೋಕಿ ನನಗೆ ಅರ್ಥವಾಗುವುದಿಲ್ಲ.

ಮೊದಲ ಸಲ ಮಣ್ಣಿನ ಟ್ರ್ಯಾಕಿಗೆ ತಂದಾಗ ಮೂರನೇ ತಿರುವಿನಲ್ಲೇ ಕಾರು ಸುತ್ತು ಹೊಡೆಯಿತು. ಮೂತಿ ತಿರುಗಿತು, ಹಿಂಭಾಗ ಅದಕ್ಕಿಂತ ಜೋರಾಗಿ ತಿರುಗಿತು. ಆ ಗಟ್ಟಿ ಸ್ಪ್ರಿಂಗ್ ಈಗ ಕೆಲಸ ಮಾಡತೊಡಗಿತ್ತು. ಮನೆಗೆ ಬಂದು ಅಟ್ಟ ಹತ್ತಿ, ಧೂಳು ಹಿಡಿದಿದ್ದ ಹಳೇ ಸ್ಪ್ರಿಂಗ್ ಜೋಡಿಯನ್ನು ಇಳಿಸಿದೆ.