ಒತ್ತಕ್ಷರದ ಮುಂದೆ ನಿಂತುಬಿಡುವ ಮಕ್ಕಳು

ಒಂದರಿಂದ ಮೂರನೆಯ ತರಗತಿಯವರೆಗೆ ನಲಿ-ಕಲಿ ಕೊಠಡಿಯಲ್ಲಿ ಗುಂಪಿನೊಡನೆ ಹಾಡಿ, ಕಾರ್ಡುಗಳನ್ನು ಜೋಡಿಸಿ, ತನ್ನದೇ ವೇಗದಲ್ಲಿ ಕಲಿಕಾ ಏಣಿಯನ್ನು ಹತ್ತುತ್ತಿದ್ದ ಮಗು ನಾಲ್ಕನೆಯ ತರಗತಿಗೆ ಬಂದೊಡನೆ ಪಠ್ಯಪುಸ್ತಕವನ್ನು ಎದುರಿಸಬೇಕಾಗುತ್ತದೆ. ಬಾಗೇಪಲ್ಲಿ ತಾಲ್ಲೂಕಿನ ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಈ ತಿರುವಿನಲ್ಲಿ ತಡವರಿಸುವ ಮಕ್ಕಳು ಹೆಚ್ಚುಕಡಿಮೆ ಪ್ರತಿ ವರ್ಷವೂ ಕಾಣಸಿಗುತ್ತಾರೆ. ಅವರಲ್ಲಿ ಬಹುಪಾಲು ಮಕ್ಕಳು ದೀಪಾವಳಿಯ ಹೊತ್ತಿಗೆ ಸುಧಾರಿಸಿಕೊಳ್ಳುತ್ತಾರೆ. ಆದರೆ ಒಬ್ಬಿಬ್ಬರು, ಮಾತಿನಲ್ಲಿ ಚುರುಕಾಗಿದ್ದು, ಲೆಕ್ಕವನ್ನು ಬಾಯಲ್ಲೇ ಮಾಡಿ, ಕಥೆಯನ್ನು ಕೇಳಿದರೆ ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲವರಾದರೂ, ಪುಟದ ಮೇಲಿನ ಎರಡು ಸಾಲನ್ನು ಓದಲಾರದೆ ಉಳಿದುಬಿಡುತ್ತಾರೆ. ಈ ಒಬ್ಬಿಬ್ಬರ ಬಗ್ಗೆಯೇ ನಾನು ಬರೆಯುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ಈ ಮಕ್ಕಳಿಗೆ ಎರಡು ಸಿದ್ಧ ವಿವರಣೆಗಳು ಕಾದಿರುತ್ತವೆ. ಮೊದಲನೆಯದು, ಮಗು ಸೋಮಾರಿ, ಇಲ್ಲವೇ ದಡ್ಡ ಎಂಬುದು. ಎರಡನೆಯದು, ಮನೆಯ ಮಾತು ತೆಲುಗು, ಹಾಗಾಗಿ ಕನ್ನಡ ಬರುತ್ತಿಲ್ಲ ಎಂಬುದು. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಆಚೆಗೆ ಶ್ರೀನಿವಾಸಪುರ, ಮುಳಬಾಗಿಲು, ಈ ತಾಲ್ಲೂಕುಗಳ ಅದೆಷ್ಟೋ ಹಳ್ಳಿಗಳಲ್ಲಿ ಮಗು ಶಾಲೆಯ ಹೊಸ್ತಿಲು ದಾಟಿದ ಮೇಲೆಯೇ ಕನ್ನಡವನ್ನು ದಿನವಿಡೀ ಕೇಳಲು ತೊಡಗುತ್ತದೆ ಎಂಬುದು ನಿಜ. ಆದ್ದರಿಂದಲೇ ಎರಡನೆಯ ವಿವರಣೆ ಮೊದಲನೆಯದರಷ್ಟು ಕ್ರೂರವಾಗಿ ಕೇಳಿಸುವುದಿಲ್ಲ. ಆದರೆ ಅದರಿಂದ ಆಗುವ ಹಾನಿ ಕಡಿಮೆಯದಲ್ಲ. ‘ಇನ್ನೊಂದು ವರ್ಷ ಕಳೆದರೆ ಕನ್ನಡ ಬಂದೀತು’ ಎಂದು ಕಾಯುತ್ತಾ ಕಾಯುತ್ತಾ ಮಗು ಏಳನೆಯ ತರಗತಿಯನ್ನು ಮುಗಿಸಿರುತ್ತದೆ. ಕಲಿಕಾ ನ್ಯೂನತೆ, ಅದರಲ್ಲೂ ಬುದ್ಧಿ ಚುರುಕಾಗಿದ್ದರೂ ಓದು-ಬರಹ ಮಾತ್ರ ಕೈಗೂಡದ ಡಿಸ್ಲೆಕ್ಸಿಯಾ, ನಮ್ಮಲ್ಲಿ ತಡವಾಗಿ ಬೆಳಕಿಗೆ ಬರುವುದಕ್ಕೆ ಈ ಕಾಯುವಿಕೆಯೇ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ.

ಮನೆಮಾತಿನ ಪ್ರಭಾವದಿಂದ ಆಗುವ ತಪ್ಪನ್ನೂ ಡಿಸ್ಲೆಕ್ಸಿಯಾದಿಂದ ಆಗುವ ತಪ್ಪನ್ನೂ ಬೇರ್ಪಡಿಸಿ ನೋಡುವುದು ಕಷ್ಟವಾದರೂ ಅಸಾಧ್ಯವೇನಲ್ಲ. ಅದಕ್ಕೆ ಮಗುವಿನ ಬರಹದ ಪುಸ್ತಕವನ್ನು ತಾಳ್ಮೆಯಿಂದ ಓದಬೇಕು. ತೆಲುಗು ಮನೆಯ ಮಗು ‘ಹಾಲು’ ಎಂಬುದನ್ನು ‘ಪಾಲು’ ಎಂದೂ ‘ಹುಲಿ’ಯನ್ನು ‘ಪುಲಿ’ ಎಂದೂ ಬರೆದರೆ, ‘ಕಣ್ಣು’ ಬದಲಿಗೆ ‘ಕನ್ನು’ ಎಂದರೆ, ಅದು ತಾನು ಮನೆಯಲ್ಲಿ ಕೇಳಿದ್ದನ್ನು ಸರಿಯಾಗಿಯೇ ಅಕ್ಷರಕ್ಕಿಳಿಸಿದೆ ಎಂದರ್ಥ. ಧ್ವನಿಗೂ ಅಕ್ಷರಕ್ಕೂ ಇರುವ ನಂಟು ಆ ಮಗುವಿಗೆ ಗೊತ್ತಿದೆ. ಅದಕ್ಕೆ ಬೇಕಾಗಿರುವುದು ಇನ್ನಷ್ಟು ಕನ್ನಡ ಮಾತು ಮಾತ್ರ. ಆದರೆ ಎರಡೂ ಭಾಷೆಗಳಲ್ಲಿ ಒಂದೇ ಆಗಿರುವ ‘ಅಕ್ಕ’ ಎಂಬ ಪದವನ್ನು ತಿಂಗಳುಗಟ್ಟಲೆ ತಿದ್ದಿದ ಮೇಲೂ ‘ಅಕ’ ಎಂದೇ ಬರೆಯುವ ಮಗುವಿನ ವಿಷಯದಲ್ಲಿ ತೆಲುಗನ್ನು ದೂರಿ ಪ್ರಯೋಜನವಿಲ್ಲ.

ಇನ್ನೊಂದು ಸರಳ ಪರೀಕ್ಷೆಯನ್ನು ಪುಸ್ತಕವಿಲ್ಲದೆಯೇ ಮಾಡಬಹುದು. ‘ಕಮಲ’ ಎಂಬ ಪದದಲ್ಲಿ ಮೊದಲ ಸದ್ದನ್ನು ತೆಗೆದರೆ ಏನು ಉಳಿಯುತ್ತದೆ ಎಂದು ಕೇಳಬೇಕು. ಉತ್ತರ ಬಾರದಿದ್ದರೆ ಅದೇ ಪ್ರಶ್ನೆಯನ್ನು ಮನೆಯ ಮಾತಿನಲ್ಲಿ, ತೆಲುಗಿನ ‘ಪಲಕ’ದಂತಹ ಪರಿಚಿತ ಪದವನ್ನಿಟ್ಟುಕೊಂಡು ಕೇಳಬೇಕು. ಪ್ರಾಸ ಹೊಂದುವ ಪದ ಹೇಳಿಸಬೇಕು; ಚಿತ್ರಗಳ ಸಾಲನ್ನು ತೋರಿಸಿ ಹೆಸರುಗಳನ್ನು ವೇಗವಾಗಿ ಹೇಳಿಸಬೇಕು. ತನ್ನದೇ ಮನೆಮಾತಿನಲ್ಲೂ ಪದವನ್ನು ಸದ್ದುಗಳಾಗಿ ಒಡೆಯಲಾರದ, ಗೊತ್ತಿರುವ ವಸ್ತುಗಳ ಹೆಸರಿಗೂ ತಡಕಾಡುವ ಮಗುವಿನ ತೊಂದರೆ ಕನ್ನಡದ ಕೊರತೆಯದ್ದಲ್ಲ. ಇದು ರೋಗನಿರ್ಣಯವಲ್ಲ, ಶಿಕ್ಷಕರು ಅದನ್ನು ಮಾಡುವಂತೆಯೂ ಇಲ್ಲ. ಆದರೆ ಮಗುವನ್ನು ಮುಂದಿನ ತಪಾಸಣೆಗೆ ಕಳುಹಿಸಲು ಇಷ್ಟು ಸಾಕು.

ಇಲ್ಲಿ ಕನ್ನಡ ಲಿಪಿಯ ಸ್ವಭಾವವನ್ನೂ ನೆನಪಿಡಬೇಕು. ಡಿಸ್ಲೆಕ್ಸಿಯಾ ಕುರಿತು ನಮಗೆ ಸಿಗುವ ಬಹುತೇಕ ಮಾಹಿತಿ ಇಂಗ್ಲಿಷ್ ಓದುವ ಮಕ್ಕಳದ್ದು; ಬಿ ಮತ್ತು ಡಿ ಅಕ್ಷರಗಳನ್ನು ತಿರುಗಿಸಿ ಬರೆಯುವ ಲಕ್ಷಣವನ್ನೇ ಹುಡುಕುತ್ತಾ ಹೋದರೆ ಕನ್ನಡ ಶಾಲೆಯ ಮಗು ಕೈತಪ್ಪುತ್ತದೆ. ನಮ್ಮ 34 ವ್ಯಂಜನಗಳು ಕಾಗುಣಿತದಲ್ಲಿ ಐನೂರರ ಆಸುಪಾಸಿನ ರೂಪಗಳಾಗುತ್ತವೆ, ಅದರ ಮೇಲೆ ಒತ್ತಕ್ಷರಗಳು ಸೇರುತ್ತವೆ. ಕನ್ನಡ ಓದುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಅಕ್ಷರಗಳ ಕಲಿಕೆ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ ಎಂಬುದನ್ನು ತೋರಿಸಿತು. ಹಾಗಾಗಿ ಎರಡನೆಯ ತರಗತಿಯ ಮಗುವಿಗೆ ಒತ್ತಕ್ಷರ ಬಾರದಿದ್ದರೆ ಗಾಬರಿಪಡಬೇಕಾಗಿಲ್ಲ. ಕನ್ನಡದಲ್ಲಿ ಎಚ್ಚರಿಕೆಯ ಗುರುತುಗಳು ಬೇರೆಯವು: ದೀರ್ಘ ಬಿಟ್ಟುಹೋಗುವುದು, ಕೊಂಬು-ಇಳಿಗಳು ಅದಲುಬದಲಾಗುವುದು, ದ-ಧ-ಥ ಒಂದಾಗುವುದು, ಒತ್ತು ಮಾಯವಾಗುವುದು, ಎಲ್ಲಕ್ಕಿಂತ ಹೆಚ್ಚಾಗಿ, ಅಕ್ಷರ ಗೊತ್ತಿದ್ದರೂ ಒಂದೊಂದನ್ನೂ ಕೂಡಿಸಿಕೊಂಡು ಓದುವಷ್ಟರಲ್ಲಿ ಪದದ ಅರ್ಥ ಕಳೆದುಹೋಗುವಷ್ಟು ನಿಧಾನ. ಅರ್ಕಾವೊತ್ತಿನ ಮುಂದೆ ಇಂತಹ ಮಕ್ಕಳು ಪಡುವ ಕಷ್ಟವನ್ನು ನೋಡಿದವರಿಗೇ ಗೊತ್ತು. ‘ಸೂರ್ಯ’ ಎನ್ನುವಾಗ ‘ರ್’ ಸದ್ದು ಮೊದಲು ಬಂದು ‘ಯ’ ಆಮೇಲೆ ಬರುತ್ತದೆ. ಬರೆಯುವಾಗ ‘ಯ’ ಮೊದಲು, ‘ರ್’ ಗುರುತು ಆಮೇಲೆ. ಸದ್ದಿನ ಕ್ರಮವನ್ನು ಹಿಡಿಯುವುದೇ ಕಷ್ಟವಾಗಿರುವ ಮಗುವಿಗೆ ಕಣ್ಣು ಒಂದು ಕಡೆ, ಕಿವಿ ಇನ್ನೊಂದು ಕಡೆ ಎಳೆದಂತಾಗುತ್ತದೆ.

ಇಷ್ಟೆಲ್ಲ ಅನುಮಾನಿಸುವುದಕ್ಕೆ ಮೊದಲು ಕಣ್ಣು ಮತ್ತು ಕಿವಿಯ ತಪಾಸಣೆ ಆಗಲೇಬೇಕು. ಪದೇಪದೇ ಕಿವಿ ಸೋರಿ ಅರ್ಧಂಬರ್ಧ ಕೇಳಿಸುತ್ತಿರುವ ಮಗುವನ್ನೂ, ಕರಿಹಲಗೆ ಮಸುಕಾಗಿ ಕಾಣುವ ಮಗುವನ್ನೂ ಕಲಿಕಾ ನ್ಯೂನತೆಯ ಪಟ್ಟಿಗೆ ಸೇರಿಸುವುದು ದೊಡ್ಡ ಅನ್ಯಾಯ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರಬೇಕೆಂಬುದು ನಿಯಮ. ಬೆಳವಣಿಗೆಯ ತೊಂದರೆಗಳು, ಕಲಿಕೆಯ ತೊಂದರೆಯೂ ಸೇರಿದಂತೆ, ಆ ತಂಡದ ತಪಾಸಣೆಯ ವ್ಯಾಪ್ತಿಯಲ್ಲೇ ಇವೆ. ತಂಡ ಬಂದ ದಿನ ಎಲ್ಲ ಮಕ್ಕಳ ತೂಕ, ಎತ್ತರ ಬರೆದುಕೊಳ್ಳುವಷ್ಟಕ್ಕೆ ಸಮಯ ಮುಗಿದುಹೋಗುವುದುಂಟು. ಆದ್ದರಿಂದ ಯಾವ ಮಗುವನ್ನು ವಿಶೇಷವಾಗಿ ನೋಡಬೇಕೆಂಬುದನ್ನು ಬರಹದ ಪುಸ್ತಕದ ಸಮೇತ ಮೊದಲೇ ಸಿದ್ಧಮಾಡಿಕೊಂಡಿರುವುದು ತರಗತಿ ಶಿಕ್ಷಕರ ಕೆಲಸ.

ತಾಯ್ತಂದೆಯರೊಡನೆ ಮಾತನಾಡುವುದು ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ‘ವಾಡಿಕಿ ಚದುವು ರಾದು, ಟೀಚರಮ್ಮಾ’, ಅವನಿಗೆ ಓದು ಹತ್ತುವುದಿಲ್ಲ ಎಂದು ತಾಯಿಯೊಬ್ಬರು ಹೇಳುವಾಗ ಆ ಮಾತಿನಲ್ಲಿ ಮಗುವಿನ ಮೇಲಿನ ಸಿಟ್ಟಿಗಿಂತ ತಮ್ಮ ಮೇಲಿನ ದೂರೇ ಹೆಚ್ಚಾಗಿರುತ್ತದೆ. ತಾವು ಓದಿಲ್ಲದಿರುವುದೇ ಕಾರಣವೆಂದು ಅವರು ಭಾವಿಸಿರುತ್ತಾರೆ. ಆ ತಾಯಿಯ ಮಗ ಸಂತೆಯಲ್ಲಿ ಟೊಮ್ಯಾಟೊ ಬಾಕ್ಸುಗಳ ಲೆಕ್ಕವನ್ನು ಚೀಟಿಯಿಲ್ಲದೆ ಇಡುತ್ತಿದ್ದ; ಬಸ್ಸಿನ ಫಲಕವನ್ನು ಮಾತ್ರ ಓದಲಾಗದೆ ಚಾಲಕರ ಮುಖ ನೋಡಿ ಊರಿನ ಬಸ್ಸನ್ನು ಗುರುತಿಸುತ್ತಿದ್ದ. ಇದು ಬುದ್ಧಿಯ ಕೊರತೆಯಲ್ಲ, ಓದುವ ಕೌಶಲಕ್ಕೆ ಬೇಕಾದ ಒಂದು ಸಾಮರ್ಥ್ಯ ಮೆದುಳಿನಲ್ಲಿ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ, ಕೆಲವು ಕುಟುಂಬಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ ಎಂದು ವಿವರಿಸಿದಾಗ, ಪಕ್ಕದಲ್ಲಿ ನಿಂತಿದ್ದ ಮಾವ ತಾನೂ ಹೀಗೆಯೇ ಐದನೆಯ ತರಗತಿಗೆ ಶಾಲೆ ಬಿಟ್ಟದ್ದನ್ನು ಹೇಳಿದರು. ಆ ಕುಟುಂಬ ಅದಾಗಲೇ ಜ್ಞಾಪಕಶಕ್ತಿಯ ಟಾನಿಕ್ಕಿಗೆಂದು ಕೂಲಿಯ ಹಣ ಖರ್ಚು ಮಾಡಿತ್ತು. ಡಿಸ್ಲೆಕ್ಸಿಯಾವನ್ನು ಗುಣಪಡಿಸುವ ಔಷಧಿ ಯಾವುದೂ ಇಲ್ಲ ಎಂಬುದನ್ನು ಪ್ರತಿಯೊಬ್ಬ ಪೋಷಕರಿಗೂ ಸ್ಪಷ್ಟವಾಗಿ ಹೇಳಬೇಕು. ಆ ಹಣ ಬೆಂಗಳೂರಿನ ಬಸ್ ಚಾರ್ಜಿಗಾದರೂ ಉಳಿಯುತ್ತದೆ.

ಕಾನೂನು ಈಗ ಈ ಮಕ್ಕಳ ಪರವಾಗಿದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಸ್ಥಿತಿಗಳನ್ನಷ್ಟೇ ಹೆಸರಿಸಲಾಗಿತ್ತು, ಕಲಿಕಾ ನ್ಯೂನತೆ ಅವುಗಳಲ್ಲಿ ಇರಲಿಲ್ಲ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ, ಪಟ್ಟಿ 21ಕ್ಕೆ ಏರಿತು. ನಿರ್ದಿಷ್ಟ ಕಲಿಕಾ ನ್ಯೂನತೆಯೂ ಆಟಿಸಂ ಕೂಡ ಅದರಲ್ಲಿ ಸೇರಿದವು. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳುವುದು ಶಾಲೆಯ ಹೊಣೆ ಎಂದು ಅದೇ ಕಾಯ್ದೆಯ 16ನೆಯ ಪ್ರಕರಣ ಹೇಳುತ್ತದೆ. ಪ್ರಮಾಣಪತ್ರದ ವಿಷಯ ಬೇರೆ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಂತೆ ಎಂಟು ವರ್ಷ ತುಂಬಿದ ಮಕ್ಕಳಿಗಷ್ಟೇ ಅದನ್ನು ಕೊಡಬೇಕಿತ್ತು. ತಪಾಸಣೆಗೆ ನಿಮ್ಹಾನ್ಸ್ ಸಂಸ್ಥೆ ರೂಪಿಸಿದ ಪರೀಕ್ಷಾ ಸರಣಿಯನ್ನು ಬಳಸಬೇಕಿತ್ತು; ಆ ಮಾರ್ಗಸೂಚಿಯ ಜಾಗಕ್ಕೆ 2024ರಲ್ಲಿ ಹೊಸದು ಬಂದಿದೆ. ನಮ್ಮ ಊರಿನಿಂದ ನಿಮ್ಹಾನ್ಸ್ ಸುಮಾರು ನೂರು ಕಿಲೋಮೀಟರ್ ದೂರವಿದೆ. ಒಂದು ದಿನದ ಕೂಲಿ ಬಿಟ್ಟು, ಬೆಳಗಿನ ಜಾವದ ಬಸ್ಸು ಹಿಡಿದು ಹೋದವರಿಗೆ ಮತ್ತೊಂದು ದಿನ ಬರಲು ಹೇಳಿದರೆ ಅವರು ಮತ್ತೆ ಹೋಗುವುದೇ ಕಷ್ಟ. ಬುದ್ಧಿಮತ್ತೆಯ ಪರೀಕ್ಷೆ, ಓದು-ಬರಹದ ಪರೀಕ್ಷೆ ಎಲ್ಲವೂ ಒಂದೇ ದಿನದಲ್ಲಿ ಮುಗಿಯದೆ ಇರಬಹುದೆಂಬುದನ್ನು ಮೊದಲೇ ತಿಳಿಸಿ ಕಳುಹಿಸಬೇಕು.

ಹೀಗಿರುವಾಗ ‘ಸರ್ಟಿಫಿಕೇಟ್ ಬರಲಿ, ಆಮೇಲೆ ನೋಡೋಣ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತರಗತಿಯೊಳಗೆ ನಾವು ಮಾಡಬೇಕಾದ ಯಾವ ಕೆಲಸಕ್ಕೂ ಪ್ರಮಾಣಪತ್ರ ಬೇಕಾಗಿಲ್ಲ. ನಲಿ-ಕಲಿಯ ‘ರ ಗ ಸ ದ ಅ’ ಕ್ರಮಕ್ಕೇ ಮರಳಿ, ಒಂದು ಸಲಕ್ಕೆ ನಾಲ್ಕೈದು ಅಕ್ಷರಗಳನ್ನು ಸದ್ದಿನ ಜೊತೆ, ಮರಳಿನಲ್ಲಿ ಬೆರಳಾಡಿಸುತ್ತಾ, ಬಾಯಲ್ಲಿ ಹೇಳಿಸುತ್ತಾ ಕಲಿಸಬಹುದು. ಅವು ಗಟ್ಟಿಯಾದ ಮೇಲಷ್ಟೇ ಗುಣಿತದ ಒಂದು ಗುರುತನ್ನು, ಅದೂ ಗಟ್ಟಿಯಾದ ಮೇಲೆ ಸಜಾತಿ ಒತ್ತಕ್ಷರವನ್ನು ಸೇರಿಸಬೇಕು. ವಿಜಾತಿ ಒತ್ತಕ್ಷರ ಮತ್ತು ಅರ್ಕಾವೊತ್ತುಗಳನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನವೂ ನಡೆಯಬೇಕು. ಪರಿಸರ ಅಧ್ಯಯನದ ಪ್ರಶ್ನೆಯನ್ನು ನಾವೇ ಓದಿ ಹೇಳಿ ಬಾಯಿಯಲ್ಲಿ ಉತ್ತರ ಪಡೆಯಬಹುದು, ಏಕೆಂದರೆ ಅಲ್ಲಿ ಅಳೆಯಬೇಕಾಗಿರುವುದು ಓದನ್ನಲ್ಲ, ತಿಳಿವಳಿಕೆಯನ್ನು. ಕರಿಹಲಗೆಯಿಂದ ಇಡೀ ಪುಟ ನಕಲು ಮಾಡಿಸುವುದನ್ನು ಬಿಡಬೇಕು. ತಪ್ಪಾದ ಪದವನ್ನು ಹತ್ತು ಸಲ ಬರೆಸುವ ಶಿಕ್ಷೆಯಿಂದ ಕಲಿಯುವುದು ಏನೂ ಇಲ್ಲ. ಸಾಲಾಗಿ ಒಬ್ಬೊಬ್ಬರನ್ನೇ ಎಬ್ಬಿಸಿ ಗಟ್ಟಿಯಾಗಿ ಓದಿಸುವ ಪದ್ಧತಿಯಂತೂ ಈ ಮಕ್ಕಳ ಪಾಲಿಗೆ ದಿನನಿತ್ಯದ ಅವಮಾನ. ತನ್ನ ಸರದಿ ಹತ್ತಿರವಾದಂತೆ ನೀರು ಕುಡಿಯಲು ಅನುಮತಿ ಕೇಳುವ ಮಗುವನ್ನು ನೋಡಿಯೂ ನಾವು ಅದನ್ನು ಮುಂದುವರಿಸುತ್ತೇವೆ ಎಂಬುದು ನನಗೆ ಬಹಳ ನೋವಿನ ಸಂಗತಿ.

ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಒಂದು ತಾಲ್ಲೂಕಿನ ಅಷ್ಟೂ ಶಾಲೆಗಳನ್ನು ಸುತ್ತಬೇಕಾದ, ಗೃಹ ಆಧಾರಿತ ಶಿಕ್ಷಣದ ಮಕ್ಕಳ ಮನೆಗಳಿಗೂ ಹೋಗಬೇಕಾದ ಅವರಿಂದ ವಾರವಾರದ ಪಾಠವನ್ನು ನಿರೀಕ್ಷಿಸಲಾಗದು. ಆದರೆ ಯಾವ ಚಟುವಟಿಕೆ ಹೇಗೆ ಮಾಡಿಸಬೇಕೆಂದು ಅವರಿಂದ ಕಲಿತು ನಾವೇ ಮುಂದುವರಿಸಬಹುದು. ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.

ಹಾಗೆಂದು ಪ್ರಮಾಣಪತ್ರವನ್ನು ಅಲಕ್ಷಿಸುವಂತಿಲ್ಲ. ಅದರ ಅಗತ್ಯ ಎಸ್ಸೆಸ್ಸೆಲ್ಸಿಯಲ್ಲಿ ಎದುರಾಗುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಸಹಾಯಕರು ಮುಂತಾದ ಸೌಲಭ್ಯಗಳಿಗೆ ಮುಖ್ಯ ಶಿಕ್ಷಕರ ಮೂಲಕ ದಾಖಲೆಗಳೊಡನೆ ಮುಂಚಿತವಾಗಿ ಅರ್ಜಿ ಹೋಗಬೇಕು. ಹತ್ತನೆಯ ತರಗತಿಯ ಡಿಸೆಂಬರಿನಲ್ಲಿ ಎಚ್ಚೆತ್ತುಕೊಂಡು ತಪಾಸಣೆಗೆ ಓಡಿದರೆ ಕಾಲ ಮೀರಿರುತ್ತದೆ. ನಾಲ್ಕನೆಯ ತರಗತಿಯಲ್ಲಿ ಕಂಡದ್ದು ಪ್ರೌಢಶಾಲೆಗೆ ತಲುಪದೆ ಹೋಗುವುದೇ ಇದಕ್ಕೆ ಕಾರಣ: ಮಗು ಊರಿನ ಶಾಲೆ ಬಿಟ್ಟು ಹೋಬಳಿಯ ಪ್ರೌಢಶಾಲೆ ಸೇರಿದಾಗ ಅಲ್ಲಿನ ಶಿಕ್ಷಕರ ಕೈಗೆ ಸಿಗುವುದು ಅಂಕಗಳು ಮಾತ್ರ, ಮತ್ತೆ ಮೊದಲಿನಿಂದ ‘ಸೋಮಾರಿ’ ಎಂಬ ವಿವರಣೆಯೇ ಶುರುವಾಗುತ್ತದೆ. ಆದ್ದರಿಂದ ನಾನು ವರ್ಗಾವಣೆ ಪತ್ರದ ಜೊತೆಗೆ, ತಾಯ್ತಂದೆಯರ ಒಪ್ಪಿಗೆ ಪಡೆದು, ಒಂದು ಪುಟದ ಟಿಪ್ಪಣಿಯನ್ನು ಲಗತ್ತಿಸುತ್ತೇನೆ. ಮಗುವಿನ ಮನೆಮಾತು ಯಾವುದು, ಯಾವ ಬಗೆಯ ತಪ್ಪುಗಳು ಉಳಿದಿವೆ, ಬಾಯಿಯಲ್ಲಿ ಕೇಳಿದರೆ ಯಾವ ವಿಷಯದಲ್ಲಿ ಎಷ್ಟು ಉತ್ತರಿಸುತ್ತದೆ, ಕಣ್ಣು-ಕಿವಿಯ ತಪಾಸಣೆ ಯಾವಾಗ ಆಯಿತು, ಪ್ರಮಾಣಪತ್ರದ ಕೆಲಸ ಎಲ್ಲಿಗೆ ಬಂದು ನಿಂತಿದೆ ಎಂಬಷ್ಟು ಅದರಲ್ಲಿರುತ್ತದೆ. ಕೊನೆಯ ಬರಹದ ಪುಸ್ತಕದ ಎರಡು ಹಾಳೆಗಳನ್ನೂ ಸೇರಿಸುತ್ತೇನೆ. ನಮ್ಮ ತಾಲ್ಲೂಕಿನ ಬೇರೆ ಶಾಲೆಗಳ ಶಿಕ್ಷಕರು ಇದನ್ನು ಓದುತ್ತಿದ್ದರೆ, ಈ ಮಾರ್ಚ್‌ನಲ್ಲಿ ಏಳನೆಯ ತರಗತಿ ಮುಗಿಸುವ ಮಕ್ಕಳಿಂದಲೇ ಇದನ್ನು ಆರಂಭಿಸಬೇಕೆಂದು ಕೇಳಿಕೊಳ್ಳುತ್ತೇನೆ.