ಪಂಚನಾಮೆಯೊಳಗ ರಸ್ತೆ ಇರ್ಲೇ ಇಲ್ಲ

ನಮ್ಮ ಮಾವನ ಕಾರು ಆ್ಯಕ್ಸಿಡೆಂಟ್ ಆದ ಮ್ಯಾಲ ಪಂಚನಾಮೆ ಕಾಪಿ ಕೈಗೆ ಬಂತು, ಕುಂತು ಪೂರ್ತಿ ಓದ್ದೆ. ಕಾರಿನ ನಂಬರ್ ಐತಿ, ಬಂಪರ್ ಎಲ್ಲಿ ನುಗ್ಗಾಗೈತಿ ಅನ್ನೋದೈತಿ, ಗಾಜು ಎಲ್ಲಿತನಕ ಸಿಡಿದು ಬಿದ್ದಿತ್ತು ಅಂತನೂ ಬರ್ದಾರ. ಆದ್ರ ಆ ರಸ್ತೆ ಅಂಚು ಹೆಂಗ ಕಡ್ಕೊಂಡು ಬಿದ್ದೈತಿ ಅನ್ನೋದಕ್ಕ ಒಂದು ಸಾಲೂ ಇಲ್ಲ. ‘ಚಾಲಕನ ಅತಿವೇಗ ಮತ್ತು ನಿರ್ಲಕ್ಷ್ಯತನದ ಚಾಲನೆಯಿಂದ’ ಅಂತ ಮುಗಿಸ್ಯಾರ. ಅವತ್ತು ಮುಂದಿನ ಸೀಟಿನಾಗ ಕುಂತಿದ್ದವ ನಾನು, ಹಂಗಾಗಿ ಆಗಿದ್ದನ್ನ ಆದಂಗ ಬರೀತೀನಿ.

ಡಿಸೆಂಬರ್ ತಿಂಗಳು, ಭತ್ತದ ಕಟಾವಿನ ಟೈಮು. ಕಾರಟಗಿ ಕಡೆ ಬೀಗರ ಮನ್ಯಾಗ ಒಂದು ಕಾರ್ಯ ಇತ್ತು, ಅದನ್ನ ಮುಗಿಸ್ಕೊಂಡು ಸಿಂಧನೂರಿಗೆ ವಾಪಸ್ ಹೊಂಟಿದ್ವಿ, ಮೇನ್ ರೋಡು ಬಿಟ್ಟು ಕ್ಯಾಂಪುಗಳ (ಕಾಲುವೆ ಸೀಮ್ಯಾಗಿನ ಸಣ್ಣ ಊರುಗಳ) ನಡುವೆ ಹಾಯ್ದು ಬರೋ ಒಳರಸ್ತೆ ಹಿಡಿದ್ವಿ ಯಾಕಂದ್ರ ದಾರ್ಯಾಗ ಇನ್ನೊಬ್ರನ್ನ ಇಳಿಸೋದಿತ್ತು. ಕಟಾವಿನ ಟೈಮಿನಾಗ ನಮ್ಮ ತುಂಗಭದ್ರಾ ಕಾಲುವೆ ಸೀಮ್ಯಾಗ ಒಳರಸ್ತೆ ಹೆಂಗಿರ್ತಾವ ಅಂತ ಈ ಕಡೆಯವ್ರಿಗೆ ಗೊತ್ತೈತಿ. ಭತ್ತ ಕೊಯ್ಯೋ ಚೈನ್ ಮಷಿನ್ನು, ಟ್ರ್ಯಾಕ್ಟರು ಗದ್ದ್ಯಾಗಿಂದ ಹತ್ತಿ ಬಂದಲ್ಲೆಲ್ಲ ಕೆಸರು ಬಿದ್ದಿರ್ತೈತಿ, ಅರ್ಧ ರಸ್ತಿಗೆ ಭತ್ತ ಒಣಹಾಕಿ ಸುತ್ತ ಕಲ್ಲಿಟ್ಟಿರ್ತಾರ, ರಾತ್ರಿ ಭತ್ತ ಎತ್ತಿದ್ರೂ ಕಲ್ಲು ಅಲ್ಲೇ ಉಳೀತಾವ. ರೈತ್ರನ್ನ ಬೈಯೋಕೆ ನನಗ ಮನಸ್ಸಿಲ್ಲ, ಒಣಹಾಕಾಕ ಊರಿಗೊಂದು ಕಣ ಸರಿಯಾಗಿದ್ರ ಯಾರೂ ಡಾಂಬರ್ ಮ್ಯಾಲ ತಂದು ಸುರುವಲ್ಲ.

ಕತ್ತಲಾಗಿತ್ತು. ಮಾವ 50ರ ಆಸುಪಾಸು ಹೋಗ್ತಿದ್ದ, ನಾನು ಮೀಟರ್ ನೋಡ್ದೆ, ಅದಕ್ಕಿಂತ ಜಾಸ್ತಿ ಆ ರಸ್ತ್ಯಾಗ ಹೋಗಾಕ ಬರೋದೂ ಇಲ್ಲ. ಎದುರಿಗೆ ಭತ್ತ ಹೇರಿದ ಟ್ರ್ಯಾಕ್ಟರ್ ಬಂತು, ಅದಕ್ಕ ಇದ್ದಿದ್ದು ಒಂದೇ ಲೈಟು, ಟ್ರೇಲರಿಗೆ ರಿಫ್ಲೆಕ್ಟರ್ ಇಲ್ಲ. ಮಾವ ಸ್ವಲ್ಪ ಎಡಕ್ಕ ತಗೊಂಡ. ಡಾಂಬರ್ ಮುಗಿಯೋ ಕಡೆ ಮಣ್ಣು ಕೊಚ್ಚಿ ಹೋಗಿ ಹತ್ರಹತ್ರ ಒಂದು ಗೇಣು ಇಳಿಜಾರಿಲ್ದ ನೆಟ್ಟಗ ಕೆಳಗ ಇತ್ತು, ಎಡಗಡೆ ಎರಡೂ ಗಾಲಿ ಅದರಾಗ ಇಳಿದ್ವು. ಮಾವ ಬ್ರೇಕ್ ಒತ್ತಲಿಲ್ಲ, ನಿಧಾನಕ ಸ್ಟೇರಿಂಗ್ ಬಲಕ್ಕ ತಿರುಗಿಸ್ದ, ಟೈರು ಡಾಂಬರ್ ಅಂಚಿಗೆ ಉಜ್ಜಾಕತ್ತು, ಹತ್ತವಲ್ದು. ಇನ್ನಷ್ಟು ತಿರುಗಿಸ್ದ, ಆಗ ಒಮ್ಮೆಲೇ ಗಾಲಿ ಮ್ಯಾಲ ಹತ್ತಿತು, ಸ್ಟೇರಿಂಗ್ ಇನ್ನೂ ಬಲಕ್ಕೇ ಇತ್ತಲ್ಲ, ಕಾರು ರಪ್ ಅಂತ ಅಡ್ಡ ಹೊಡೀತು, ಟ್ರೇಲರಿನ ಹಿಂದಿನ ಮೂಲಿಗೆ ಬಡಿದು ಅತ್ತಕಡೆ ಗದ್ದ್ಯಾಗ ಉಳ್ಳಿತು.

ನನಗ ಪಕ್ಕೆಲುಬು, ಮಾವನಿಗೆ ಬಲಗಾಲಿನ ತೊಡೆ ಎಲುಬು ಮುರೀತು. ಹಿಂದ ಕುಂತಿದ್ದ ಅತ್ತಿಗೆ ಬೆಲ್ಟ್ ಹಾಕಿದ್ಲು, ಉಳಿದ್ಲು.

ಬಾಜೂ ಕ್ಯಾಂಪಿನ ಹುಡುಗ್ರು ಓಡಿ ಬಂದು ಬಾಗಿಲು ಕಿತ್ತು ಹೊರಗ ತೆಗೆದ್ರು. ಒಬ್ಬಾತ 108ಕ್ಕ ಫೋನ್ ಹಚ್ಚಿದ, ಇನ್ನೊಬ್ಬ ‘ಯಣ್ಣಾ ಪೊಲೀಸ್ ಕೇಸ್ ಆಗ್ತೈತಿ, ನಮ್ಮ ಹೆಸರು ಹೇಳಬ್ಯಾಡ’ ಅಂದ. ಸಹಾಯ ಮಾಡಿದವ್ರಿಗೆ ಕೇಸಿನ ಕಾಟ ಕೊಡಂಗಿಲ್ಲ, ಹೆಸರು ಹೇಳು ಅಂತ ಬಲವಂತ ಮಾಡಂಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ನಿನಾಗ, ಅದರ ನಿಯಮದಾಗ ಐತಿ, ಇದು ಎಲ್ಲಾ ಊರಿಗೂ ಗೊತ್ತಾಗಬೇಕು. ತಾಲೂಕು ಆಸ್ಪತ್ರ್ಯಾಗ ಕಾಲಿಗೆ ಕಟ್ಟು ಹಾಕಿ ಬಳ್ಳಾರಿಗೆ ಕಳಿಸಿದ್ರು. ಸಿರುಗುಪ್ಪ ಮ್ಯಾಲಿಂದ ಹೋಗುವಾಗ ಆಂಬುಲೆನ್ಸ್ ಒಂದೊಂದು ತಗ್ಗಿನಾಗ ಇಳಿದಾಗೂ ಮಾವ ಒದರ್ತಿದ್ದ, ಡ್ರೈವರ್ ಪಾಪ ಎಷ್ಟು ನಿಧಾನ ಮಾಡ್ತಾನ, ಬೇಗನೂ ಮುಟ್ಟಿಸಬೇಕಲ್ಲ.

ಆಮ್ಯಾಲ ಸಾರಿಗೆ ಇಲಾಖೆ ಇನ್ಸ್‌ಪೆಕ್ಟರ್ ಬಂದು ಕಾರು ಚೆಕ್ ಮಾಡಿದ್ರು, ಬ್ರೇಕ್ ಸರಿ ಐತಿ, ಸ್ಟೇರಿಂಗ್ ಸರಿ ಐತಿ, ಯಾಂತ್ರಿಕ ದೋಷ ಇಲ್ಲ ಅಂತ ರಿಪೋರ್ಟ್ ಕೊಟ್ರು. ವಾಹನದ್ದು ತಪ್ಪಿಲ್ಲ ಅಂದ್ಮ್ಯಾಲ ಡ್ರೈವರ್ದೇ ತಪ್ಪು ಅನ್ನೋ ಲೆಕ್ಕಕ್ಕ ಬಂದ್ರು, ಅಡ್ಡಾದಿಡ್ಡಿ ಗಾಡಿ ಓಡಿಸಿದ್ದಕ್ಕ ಹಾಕೋ ಭಾರತೀಯ ನ್ಯಾಯ ಸಂಹಿತೆ 281 ಹಾಕಿದ್ರು. ಕಾರು ಪರೀಕ್ಷೆ ಮಾಡಾಕ ಒಬ್ಬ ಅಧಿಕಾರಿ ಬಂದ್ರು, ರಸ್ತೆ ಪರೀಕ್ಷೆ ಮಾಡಾಕ ಯಾರೂ ಬರ್ಲಿಲ್ಲ. ನನ್ನ ಸಿಟ್ಟೆಲ್ಲ ಇದರ ಮ್ಯಾಲೇ. ಮಾವ ಎಷ್ಟೋ ವರ್ಷದಿಂದ ಗಾಡಿ ಹೊಡ್ಯಾಂವ, ಈಗ ಕಾಗದದ ಪ್ರಕಾರ ಬೇಜವಾಬ್ದಾರಿ ಮನುಷ್ಯ.

ಸಿವಿಲ್ ಇಂಜಿನಿಯರ್ ಆಗಿರೋ ಗೆಳೆಯ ಒಬ್ಬನ್ನ ಕರ್ಕೊಂಡು ಹೋಗಿ ಜಾಗ ತೋರಿಸ್ದೆ. ಅವ ಹೇಳಿದ್ದು ಇಷ್ಟು. ನಮ್ದು ಎರಿ (ಕಪ್ಪು ಮಣ್ಣಿನ) ಭೂಮಿ, ನೀರು ಕುಡಿದ್ರ ಉಬ್ಬತೈತಿ, ಒಣಗಿದ್ರ ಕುಗ್ಗಿ ಬಿರುಕು ಬಿಡ್ತೈತಿ. ಎರಡೂ ಕಡೆ ಗದ್ದ್ಯಾಗ ನೀರು ನಿಂತಿರ್ತೈತಿ, ಬ್ಯಾಸಿಗ್ಯಾಗ ಕಾಲುವೆ ಬಂದ್ ಆದ ಕೂಡ್ಲೇ ಪೂರ್ತಿ ಒಣಗ್ತೈತಿ, ಹಿಂಗಾಗಿ ರಸ್ತೆ ತಳ ವರ್ಷಾ ವರ್ಷಾ ಮ್ಯಾಲ ಕೆಳಗ ಆಡ್ತೈತಿ. ಮೊದ್ಲು ಕಡಿಯೋದೇ ಅಂಚು, ಯಾಕಂದ್ರ ಬದಿಗೆ ಅದನ್ನ ಹಿಡಿಯೋದು ಏನೂ ಇಲ್ಲ. ಅದರ ಮ್ಯಾಲ ಓವರ್‌ಲೋಡ್ ಭತ್ತದ ಲಾರಿ. ಎರಿ ಮಣ್ಣು ತೆಗೆದು ಗರಸು (ಗಟ್ಟಿ ಕಲ್ಲುಮಣ್ಣು) ತುಂಬಬೇಕು ಇಲ್ಲಾ ಸುಣ್ಣ ಬೆರೆಸಿ ಗಟ್ಟಿ ಮಾಡ್ಬೇಕು, ನೀರು ಹರಿಯಾಕ ಚರಂಡಿ ಬೇಕು, ಡಾಂಬರ್ ಸಮಕ್ಕ ಎರಡೂ ಬದಿ ಗರಸು ಹಾಕಿ ರೋಲರ್ ಹೊಡೀಬೇಕು. ನಮ್ಮಲ್ಲಿ ಹಳೇ ಡಾಂಬರಿನ ಮ್ಯಾಲ ಹೊಸಾ ಡಾಂಬರ್ ಹಾಕಿ ಹೋಗ್ತಾರ, ಬದಿಗೆ ಮಣ್ಣು ಏರಿಸಲ್ಲ. ಅಂದ್ರ ರಿಪೇರಿ ಆದಾಗೆಲ್ಲ ಅಂಚಿನ ಎತ್ತರ ಹೆಚ್ಚೇ ಆಗ್ತೈತಿ! ಇದು ಕೇಳಿ ನನಗ ಮೈ ಉರೀತು.

ಇನ್ಶೂರೆನ್ಸ್ ವಿಷಯನೂ ಹೇಳಿಬಿಡ್ತೀನಿ. ಮಾಲೀಕ-ಚಾಲಕನಿಗೆ ಅಂತ ಇರೋ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸತ್ರ ಇಲ್ಲಾ ಶಾಶ್ವತ ಅಂಗವೈಕಲ್ಯ ಆದ್ರ ಮಾತ್ರ, ಮುರಿದ ಎಲುಬಿನ ಆಪರೇಷನ್ ಖರ್ಚು ಅದರಾಗ ಬರಲ್ಲ. ಮಾವ ಎರಡು ಎಕರೆ ಲೀಸಿಗೆ ಹಾಕಿ ದುಡ್ಡು ಹೊಂದಿಸ್ದ.

ಮೋಟಾರು ವಾಹನ ಕಾಯ್ದೆಗೆ 2019ರಾಗ ತಿದ್ದುಪಡಿ ಆದಾಗ 198ಎ ಅಂತ ಸೆಕ್ಷನ್ ಸೇರಿಸ್ಯಾರ, ರಸ್ತೆಯ ಸುರಕ್ಷತಾ ಮಾನದಂಡ ಪಾಲಿಸದೇ ಸಾವು ಅಥವಾ ಅಂಗವೈಕಲ್ಯ ಆದ್ರ ಸಂಬಂಧಪಟ್ಟ ಪ್ರಾಧಿಕಾರಕ್ಕ, ಗುತ್ತಿಗೆದಾರಗ 1 ಲಕ್ಷದವರೆಗೆ ದಂಡ. ಅಪಘಾತದ ಮಾಹಿತಿ ತುಂಬೋ ಐರಾಡ್ ಆ್ಯಪಿನಾಗೂ ಪೊಲೀಸ್ರು, ಸಾರಿಗೆ, ಆಸ್ಪತ್ರೆ ಜೊತಿಗೆ ರಸ್ತೆ ಇಲಾಖೆಗೂ ಜಾಗ ಐತಿ. ಅಂದ್ರ ರಸ್ತೆ ಬಗ್ಗೆ ಬರ್ಯಾಕ ಜಾಗ ಇಲ್ಲ ಅಂತಲ್ಲ.

ಈಗ ಆ ಅಂಚಿಗೆ ಟೇಪ್ ಹಿಡಿದು ಫೋಟೋ ತೆಗೆದು, ತಾರೀಖು ಸಮೇತ ವಕೀಲ್ರಿಗೆ ಕೊಟ್ಟೀವಿ. ಆ ರಸ್ತಿಗೆ ಕಡೀಕ ಡಾಂಬರ್ ಹಾಕಿದ್ದು ಯಾವಾಗ, ಬದಿಗೆ ಗರಸು ಹಾಕಾಕ ಎಸ್ಟಿಮೇಟಿನಾಗ ದುಡ್ಡು ಇತ್ತೋ ಇಲ್ವೋ, ಎಷ್ಟು ವರ್ಷ ನಿರ್ವಹಣೆ ಯಾರದು ಅಂತ ಮಾಹಿತಿ ಹಕ್ಕಿನಾಗ ಅರ್ಜಿ ಹಾಕೀನಿ, 30 ದಿನದೊಳಗ ಉತ್ತರ ಕೊಡಬೇಕು, ಕೊಡದಿದ್ರ ಮೇಲ್ಮನವಿ ಹಾಕ್ತೀನಿ. ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ ಇದೇ ಥರ ಅಂಚಿಗೆ ಇಳಿದು ಗಾಡಿ ಪಲ್ಟಿ ಆದವ್ರು ಇದ್ರ ನಿಮ್ಮ ಪಂಚನಾಮೆ ತೆಗೆದು ಅದರಾಗ ರಸ್ತೆ ಬಗ್ಗೆ ಏನು ಬರ್ದಾರ ನೋಡ್ರಿ, ಏನೂ ಇಲ್ದಿದ್ರ ನನಗ ತಿಳಿಸ್ರಿ, ಎಲ್ಲಾ ಸೇರಿಸಿ ಒಟ್ಟಿಗೆ ಒಂದು ಅರ್ಜಿ ಕೊಡೋಣ.