ಮಾರ್ಗಿಲಾನ್‌ನಲ್ಲಿ ಊಟಕ್ಕೆ ಕೂರುವ ಮೊದಲು

ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ. ಮದುವೆಯಾಗಿ ಬಂದಾಗಿನಿಂದ ಗೂಡು, ಬಿಸಿನೀರು, ಹರಾಜು ಇದೇ ನನ್ನ ಲೋಕ. ಇದೇ ಕೆಲಸವನ್ನು ಬೇರೆ ದೇಶದಲ್ಲಿ ಹೇಗೆ ಮಾಡುತ್ತಾರೆ ಅಂತ ನೋಡುವ ಆಸೆ ಬಹಳ ದಿನದಿಂದ ಇತ್ತು. ಹೋದ ಮೇ ತಿಂಗಳಲ್ಲಿ ನಮ್ಮ ಯಜಮಾನರ ಜೊತೆ ಉಜ್ಬೇಕಿಸ್ತಾನದ ಮಾರ್ಗಿಲಾನ್‌ಗೆ ಹೋಗಿಬಂದೆ. ನಮ್ಮ ಕಡೆಯಿಂದ ಹೋಗುವವರಿಗೆ ಅನುಕೂಲವಾಗಲಿ ಅಂತ ಬರೆಯುತ್ತಿದ್ದೇನೆ.

ದಾರಿ ಕಷ್ಟವಿಲ್ಲ. ದೇವನಹಳ್ಳಿಯಿಂದ ದೆಹಲಿ, ಅಲ್ಲಿಂದ ತಾಷ್ಕೆಂಟ್‌ಗೆ ಸುಮಾರು 3 ಗಂಟೆ ವಿಮಾನ. 30 ದಿನದ ಇ-ವೀಸಾಗೆ 20 ಡಾಲರ್. ಅಲ್ಲಿನ ಸರ್ಕಾರದ ವೆಬ್‌ಸೈಟ್‌ನಲ್ಲೇ ಅರ್ಜಿ ಹಾಕಿ. ತಾಷ್ಕೆಂಟ್‌ನಿಂದ ಮಾರ್ಗಿಲಾನ್‌ಗೆ ರೈಲಿದೆ. ಟಿಕೆಟ್ ಮೊದಲೇ ತೆಗೆಯಿರಿ. ಮಧ್ಯೆ 19 ಕಿಲೋಮೀಟರ್ ಉದ್ದದ ಕಾಮ್‌ಚಿಕ್ ಸುರಂಗ ಬರುತ್ತದೆ, 2016ರಲ್ಲಿ ಶುರುವಾದದ್ದು. ಗುರುವಾರ ಇಲ್ಲವೇ ಭಾನುವಾರಕ್ಕೆ ಹೊಂದಿಸಿಕೊಂಡರೆ ಕುಮ್‌ತೆಪಾ ಸಂತೆಯೂ ಸಿಗುತ್ತದೆ. ಅಲ್ಲಿನ ಯೋಡ್ಗೋರ್ಲಿಕ್ ರೇಷ್ಮೆ ಕಾರ್ಖಾನೆಯಲ್ಲಿ ಗೂಡು ಬೇಯಿಸುವುದರಿಂದ ಹಿಡಿದು ಅಟ್ಲಾಸ್ ಅನ್ನುವ ರೇಷ್ಮೆ ಬಟ್ಟೆ ನೇಯುವವರೆಗೆ ಎಲ್ಲ ತೋರಿಸುತ್ತಾರೆ.

ಇಷ್ಟು ಯಾರು ಬೇಕಾದರೂ ಹೇಳುತ್ತಾರೆ. ನಾನು ಹೇಳಬೇಕಾದದ್ದು ಊಟದ ವಿಷಯ.

ನಾವು ಇದ್ದದ್ದು ಒಬ್ಬ ಹಿರಿಯ ಹೆಂಗಸು ನಡೆಸುವ ಮನೆಯಲ್ಲಿ. ಅವರಿಗೆ ಉಜ್ಬೆಕ್, ರಷ್ಯನ್ ಬಿಟ್ಟರೆ ಬೇರೆ ಬಾರದು. ಮೊದಲ ರಾತ್ರಿ ಏನೂ ಹೇಳದೆ ಸುಮ್ನೆ ಊಟಕ್ಕೆ ಕೂತೆವು. ದೊಡ್ಡ ತಟ್ಟೆ ತುಂಬ ಪಲಾವು, ಮೇಲೆ ಕುರಿ ಮಾಂಸ. ನಾವು ಮಾಂಸ ತಿನ್ನುವುದಿಲ್ಲ. ಭಾಷಾಂತರ ಮಾಡೋಣ ಅಂದರೆ ಫೋನಿಗೆ ನೆಟ್‌ವರ್ಕ್ ಇಲ್ಲ. ಕೈ ಅಲ್ಲಾಡಿಸಿ ಬೇಡ ಅಂದಾಗ ಅವರ ಮುಖ ಸಣ್ಣಗಾಯಿತು. ಮಧ್ಯಾಹ್ನದಿಂದ ಒಲೆ ಮುಂದೆ ನಿಂತವರು ಅವರು. ಆ ಬೇಜಾರು ಇನ್ನೂ ಹೋಗಿಲ್ಲ. ಅದಕ್ಕೇ ಹೇಳುತ್ತೇನೆ, ಮನೆಯೊಳಗೆ ಕಾಲಿಟ್ಟ ಕೂಡಲೇ ಈ ಮಾತು ಹೇಳಿಬಿಡಿ: ‘ಮೆನ್ ಗೋಶ್ತ್ ಯೆಮಯ್ಮನ್’. ನಾನು ಮಾಂಸ ತಿನ್ನುವುದಿಲ್ಲ ಅಂತ. ಅಡುಗೆಗೆ ಕುರಿಯ ಬಾಲದ ಕೊಬ್ಬು ಹಾಕುವುದೂ ಉಂಟು. ಅದಕ್ಕೆ ‘ದುಂಬಾ’ ಅನ್ನುತ್ತಾರೆ. ಅದೂ ಬೇಡ ಅಂತ ಬಿಡಿಸಿ ಹೇಳಿ. ಭಾಷಾಂತರದ ಆ್ಯಪ್‌ನಲ್ಲಿ ಉಜ್ಬೆಕ್ ಭಾಷೆಯನ್ನು ಊರಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ನಮ್ಮ ಘಟಕದಲ್ಲಿ ಕೆಲಸ ಮಾಡುವವರು ಜಾಸ್ತಿ ಉರ್ದು ಮಾತಾಡುತ್ತಾರೆ. ಅವರಿಂದ ಕಿವಿಗೆ ಬಿದ್ದದ್ದು ಅಲ್ಲಿ ಕೈಹಿಡಿಯಿತು. ಗೋಶ್ತ್ ಅಂದರೆ ಮಾಂಸವೇ, ಪಿಯೋಜ್ ಅಂದರೆ ಈರುಳ್ಳಿ, ನೋನ್ ಅಂದರೆ ರೊಟ್ಟಿ, ಚೋಯ್ ಅಂದರೆ ಚಹಾ, ತಯ್ಯೋರ್ ಅಂದರೆ ನಮ್ಮ ತಯಾರೇ. ಆದರೆ ಸಬ್ಜಿ ಅಂದರೆ ಕ್ಯಾರೆಟ್. ಯಜಮಾನರನ್ನು ಆ ಮನೆಯ ಹೆಂಗಸು ‘ಅಕಾ’ ಅಂತ ಕರೆದಾಗ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅಲ್ಲಿ ಅಕಾ ಅಂದರೆ ಅಣ್ಣ, ಅಕ್ಕನಿಗೆ ‘ಓಪಾ’. ಮಾರನೆಯ ದಿನದಿಂದ ನಾನು ಅವರನ್ನು ಓಪಾ ಅಂತಲೇ ಕರೆದೆ.

ಎರಡನೆಯ ದಿನ ಓಪಾ ಕುಂಬಳಕಾಯಿ ತುಂಬಿದ ಮಾಂತಿ ಮಾಡಿದರು. ಹಬೆಯಲ್ಲಿ ಬೇಯಿಸಿದ್ದು, ನಮ್ಮ ಕಡುಬಿನ ಹಾಗೆ. ಜೊತೆಗೆ ಟೊಮೆಟೊ, ಈರುಳ್ಳಿ ತೆಳ್ಳಗೆ ಹೆಚ್ಚಿದ್ದು, ಒಂದು ಬಟ್ಟಲು ಹಿಪ್ಪುನೇರಳೆ ಹಣ್ಣು. ನಾವು ಸೊಪ್ಪಿಗಾಗಿ ಗಿಡ ಕತ್ತರಿಸುತ್ತಲೇ ಇರುತ್ತೇವೆ, ಹಣ್ಣು ಕಾಣುವುದೇ ಅಪರೂಪ. ಅವರ ಅಂಗಳದಲ್ಲಿ ಅದು ದೊಡ್ಡ ಮರ. ಮರ ತೋರಿಸಿ ‘ತೂತ್’ ಅಂದರು.

ನಾನು ಫೋನಿನಲ್ಲಿ ನಮ್ಮ ಗೂಡಿನ ಮಾರ್ಕೆಟ್ ಫೋಟೊ ತೋರಿಸಿದೆ. ‘ಪಿಲ್ಲಾ!’ ಅಂದರು. ಗೂಡಿಗೆ ಅವರ ಮಾತು ಅದು. ನಮ್ಮ ಹಳದಿ ಗೂಡು ನೋಡಿ ಬೆರಳಿನಿಂದ ಪರದೆ ಒರೆಸಿ ಮತ್ತೆ ನೋಡಿದರು. ಆಮೇಲೆ ನನ್ನ ಕೈ ಹಿಡಿದು ತಿರುಗಿಸಿದರು. ಬಿಸಿನೀರಲ್ಲಿ ನೆನೆದು ನೆನೆದು ನನ್ನ ಬೆರಳ ತುದಿಯ ಚರ್ಮ ಬೆಳ್ಳಗೆ ಸುಲಿದಿದೆ. ತಮ್ಮ ಬೆರಳು ಪಕ್ಕದಲ್ಲಿಟ್ಟರು. ತುದಿಯಲ್ಲಿ ಹಳೆಯ ಗೆರೆಗಳು, ಗಟ್ಟಿಯಾದ ಚರ್ಮ. ಪ್ರಾಯದಲ್ಲಿ ಅವರೂ ನೂಲು ಬಿಚ್ಚಿದವರು. ಮಾತು ಬೇಕಾಗಲಿಲ್ಲ. ಒಂದು ಗಂಟೆ ಕೂತು ಉಂಡೆವು.

ನೀವೂ ನಿಮ್ಮ ಕೆಲಸದ, ಮನೆಯ, ಮಕ್ಕಳ ಫೋಟೊ ಬೇರೆಯಾಗಿ ಇಟ್ಟುಕೊಂಡಿರಿ. ರೇಷ್ಮೆಯವರು ಗೂಡು, ಸೊಪ್ಪು ಒಯ್ಯಬೇಡಿ, ಫೋಟೊ ಸಾಕು. ಉಡುಗೊರೆಗೆ ಶೇಂಗಾ ಚಿಕ್ಕಿ ಒಳ್ಳೆಯದು. ಓಪಾ ಚಿಕ್ಕಿಯನ್ನು ಚಹಾದ ಜೊತೆ ತಿಂದರು.

ಚಹಾ ಅಂದಾಗ ನೆನಪಾಯಿತು. ಬಟ್ಟಲಿಗೆ ಅರ್ಧ ಮಾತ್ರ ಹಾಕಿಕೊಡುತ್ತಾರೆ. ಕಡಿಮೆ ಅಂದುಕೊಳ್ಳಬೇಡಿ, ಮತ್ತೆ ಮತ್ತೆ ಹಾಕುವುದೇ ಮರ್ಯಾದೆ. ನಾನು ನಮ್ಮೂರಿನ ಹಾಗೆ ಅವರಿಗೆ ಅಂಚಿನವರೆಗೆ ತುಂಬಿಸಿಬಿಟ್ಟೆ. ಅಲ್ಲಿ ಹಾಗೆ ಮಾಡಿದರೆ ‘ಕುಡಿದು ಹೊರಡಿ’ ಅಂದ ಹಾಗಂತೆ. ಅವರು ನಗುತ್ತಾ ಅರ್ಧವನ್ನು ಟೀ ಪಾಟಿಗೆ ವಾಪಸು ಸುರಿದು ನನ್ನ ಮುಂದೆ ಹಿಡಿದರು.

ರೊಟ್ಟಿಯನ್ನು ಕೈಯಲ್ಲೇ ಮುರಿಯುತ್ತಾರೆ, ಬೋರಲು ಇಡಬಾರದು. ಹೊರಡುವಾಗ ಒಂದು ನೋನ್ ಬಟ್ಟೆಯಲ್ಲಿ ಸುತ್ತಿಕೊಟ್ಟರು. ‘ರಹ್ಮತ್, ಓಪಾ’ ಅಂದೆ. ರೈಲು ಸುರಂಗಕ್ಕೆ ಹೊಕ್ಕಾಗ ಯಜಮಾನರು ಅದನ್ನು ಮುರಿದು ಅರ್ಧ ನನಗೆ ಕೊಟ್ಟರು. ಉಳಿದ ತುಂಡನ್ನು ಮೇಲ್ಮುಖವಾಗಿಯೇ ತೊಡೆಯ ಮೇಲೆ ಇಟ್ಟುಕೊಂಡೆ.